ಆಟಿಸಂ ಇರುವ ಮಗು ತನ್ನ ಬಗ್ಗೆ ಹೇಳಿದ್ದನ್ನು ನಂಬಬೇಕಾ?

"ಆಟಿಸಂ ಇದೆಯಲ್ಲ ಡಾಕ್ಟ್ರೆ, ಅದಕ್ಕೇ ಹೀಗೆಲ್ಲ ಮಾತಾಡ್ತಾಳೆ. ಅದಕ್ಕೆ ಔಷಧಿ ಕೊಟ್ರೆ ಇದೂ ಸರಿಹೋಗುತ್ತೆ ಅಲ್ವಾ?"

ಸಾಗರದಿಂದ ಬಂದವರೂ ಇದನ್ನೇ ಕೇಳುತ್ತಾರೆ, ತೀರ್ಥಹಳ್ಳಿಯಿಂದ ಬಂದವರೂ ಇದನ್ನೇ ಕೇಳುತ್ತಾರೆ. ಮಗಳು ತಾನು ಹುಡುಗಿ ಅಲ್ಲ ಅನ್ನಿಸುತ್ತದೆ ಎಂದಿರುತ್ತಾಳೆ. ಅಥವಾ ಮಗ, ತಾನು ಹುಡುಗ ಹೌದೋ ಅಲ್ಲವೋ ಗೊತ್ತಾಗುತ್ತಿಲ್ಲ ಎಂದಿರುತ್ತಾನೆ. ಮನೆಯವರು ಅದನ್ನು ಆಟಿಸಂನ ಲೆಕ್ಕಕ್ಕೆ ಹಾಕಿಬಿಡುತ್ತಾರೆ.

ಆಟಿಸಂ ಎಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ ಇರುವುದು; ಮಾತು, ಒಡನಾಟ, ಸದ್ದು, ಸ್ಪರ್ಶ ಎಲ್ಲ ಅವರಿಗೆ ಬೇರೆ ಥರ. ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ನಿದ್ದೆಗೆ, ಆತಂಕಕ್ಕೆ ಬೇಕಾದರೆ ಮಾತ್ರೆ ಕೊಡುತ್ತೇವೆ, ಅಷ್ಟೆ.

ಇನ್ನು ಆಟಿಸಂಗೂ ಈ ಹುಡುಗ-ಹುಡುಗಿ ಪ್ರಶ್ನೆಗೂ ಇರುವ ನಂಟಿನ ವಿಷಯ. ನಂಟು ಇರುವುದು ನಿಜ. 2020ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 6 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ನೋಡಿದರು. ಟ್ರಾನ್ಸ್‌ಜೆಂಡರ್ (ಹುಟ್ಟಿದಾಗ ಗುರುತಿಸಿದ ಲಿಂಗ ತಮ್ಮದಲ್ಲ ಎನ್ನುವವರು) ಮತ್ತು ಬೇರೆ ಲಿಂಗತ್ವದವರಲ್ಲಿ ಆಟಿಸಂ ಉಳಿದವರಿಗಿಂತ 3ರಿಂದ 6 ಪಟ್ಟು ಜಾಸ್ತಿ ಕಂಡಿತು. ಯಾಕೆ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಆಟಿಸಂ ಇರುವವರಲ್ಲಿ ಹೆಚ್ಚಿನವರಿಗೆ ಈ ಪ್ರಶ್ನೆಯೇ ಬರುವುದಿಲ್ಲ, ಅದೂ ನಿಜ. ಆದರೆ ಎರಡೂ ಜೊತೆಯಲ್ಲಿ ಕಂಡವು ಎಂದರೆ ಒಂದು ಇನ್ನೊಂದನ್ನು ಹುಟ್ಟಿಸಿತು ಎಂದು ಅರ್ಥವಲ್ಲ. ಒಂದು ಸುಳ್ಳು, ಇನ್ನೊಂದು ನಿಜ ಎಂದಂತೂ ಅಲ್ಲವೇ ಅಲ್ಲ. ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೇ. ಅದೇ ಮಗು ಹೊಟ್ಟೆ ನೋವು ಎಂದರೆ ನಂಬುತ್ತೀರಿ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡರೆ ನಂಬುತ್ತೀರಿ. ಇದೊಂದು ಹೇಳಿದಾಗ ಮಾತ್ರ "ಅದಕ್ಕೇನು ಗೊತ್ತಾಗುತ್ತೆ" ಎನ್ನುತ್ತೀರಿ.

ಹಾಗಂತ ಹೇಳಿದ ತಕ್ಷಣ ತೀರ್ಮಾನ ಮಾಡಿ ಎಂದು ನಾನು ಹೇಳುತ್ತಿಲ್ಲ. ಹೊಸನಗರದ ಕಡೆಯ ಒಬ್ಬ ಹುಡುಗಿ "ನನಗೆ ಹುಡುಗಿಯಾಗಿ ಇರೋಕಾಗಲ್ಲ" ಎನ್ನುತ್ತಿದ್ದಳು. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.) ನಿಧಾನವಾಗಿ ಕೇಳುತ್ತಾ ಹೋದೆ. ಬ್ರಾ ಪಟ್ಟಿ ಚುಚ್ಚುತ್ತದೆ, ಪ್ಯಾಡ್ ತಡೆಯಲಾಗುವುದಿಲ್ಲ. ನಮ್ಮ ಮಳೆಗಾಲ ಗೊತ್ತಲ್ಲ, ವಾರವಾದರೂ ಬಟ್ಟೆ ಒಣಗುವುದಿಲ್ಲ. ಆ ಮುಗ್ಗು ವಾಸನೆಯ ಯೂನಿಫಾರ್ಮ್ ಮೈಗೆ ತಾಗಿದರೆ ಅವಳಿಗೆ ಇಡೀ ದಿನ ಹಾಳು. ಹೊಲಿಗೆ ಚುಚ್ಚದ ಹತ್ತಿ ಬಟ್ಟೆ ಹುಡುಕಿದೆವು, ಪ್ಯಾಡ್ ಬದಲಿಸಿದೆವು. ಕೆಲವು ತಿಂಗಳಾದ ಮೇಲೆ ಅವಳೇ ಹೇಳಿದಳು: "ಹುಡುಗಿಯಾಗಿರೋಕೆ ತೊಂದರೆ ಇಲ್ಲ. ಆ ಬಟ್ಟೆ ಬೇಡ."

ಈ ಕಥೆ ಹೇಳಿದರೆ ಅಪ್ಪ ಅಮ್ಮಂದಿರ ಮುಖ ಅರಳುತ್ತದೆ. ದಯವಿಟ್ಟು ಪೂರ್ತಿ ಕೇಳಿ. ಪಿಯುಸಿ ಓದುತ್ತಿದ್ದ ಇನ್ನೊಂದು ಮಗುವಿಗೂ ಇದನ್ನೇ ಮಾಡಿದೆವು. ಮೈ ಕಿರಿಕಿರಿ ಕಡಿಮೆಯಾಯಿತು, ಪ್ರಶ್ನೆ ಹಾಗೇ ಉಳಿಯಿತು. ಮೊದಲ ದಿನ ನೋಡಿ ಇದು ಯಾವುದು ಎಂದು ನಾನು ಹೇಳಲಾರೆ. ಹೇಳುತ್ತೇನೆ ಎನ್ನುವವರ ಬಳಿ ಸ್ವಲ್ಪ ಜಾಗ್ರತೆ.

ಆ ಪಿಯುಸಿ ಮಗುವಿನ ಅಪ್ಪ ಒಳ್ಳೆಯ ಮನುಷ್ಯ. ಅಡಿಕೆ ಕೊಯ್ಲಿನ ಗಡಿಬಿಡಿ ಬಿಟ್ಟು ಬಂದಿದ್ದರು. ನನ್ನೆದುರೇ ಕೇಳಿದರು: "ನೀನು ಹುಡುಗಿ ತಾನೆ? ಹೇಳು." ಮಗು "ಹೌದು" ಎಂದಿತು. ಅವರಿಗೆ ನಿರಾಳವಾಯಿತು. ಅವರು ಹೊರಗೆ ಹೋದ ಮೇಲೆ ಮಗುವಿನ ಕೈಗೆ ಕಾಗದ ಕೊಟ್ಟೆ. ಬಾಯಲ್ಲಿ ಬಾರದ್ದು ಎಷ್ಟೋ ಸಲ ಬರವಣಿಗೆಯಲ್ಲಿ ಬರುತ್ತದೆ. "ಜನನ ಪತ್ರದಲ್ಲಿ ಹಾಗೇ ಬರೆದಿದೆ. ಅದಕ್ಕೆ ಹೌದು ಅಂದೆ" ಎಂದು ಬರೆದಿತ್ತು.

ಆಟಿಸಂ ಇರುವ ಅನೇಕರು ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ ಕೊಡುತ್ತಾರೆ. ದೊಡ್ಡವರು ಬಯಸಿದ ಉತ್ತರ ಕೊಟ್ಟು ಪಾರಾಗುವುದನ್ನೂ ಕಲಿತಿರುತ್ತಾರೆ. ಹಾಗಾಗಿ ಉತ್ತರವನ್ನು ನೀವೇ ಬಾಯಿಗೆ ತುರುಕಬೇಡಿ. "ಯಾವಾಗ ಹಾಗೆ ಅನ್ನಿಸುತ್ತೆ? ಏನು ಮಾಡುವಾಗ ಅನ್ನಿಸಲ್ಲ?" ಎಂದು ಕೇಳಿ, ಸುಮ್ಮನೆ ಕಾಯಿರಿ. ಉತ್ತರ ಮರುದಿನ ಬರಬಹುದು, ಮುಂದಿನ ತಿಂಗಳು ಬರಬಹುದು. "ಗೊತ್ತಿಲ್ಲ" ಎಂಬುದೂ ಉತ್ತರವೇ.

ಮೊಬೈಲ್ ನೋಡಿ ಹೀಗಾಯಿತು ಎನ್ನುತ್ತಾರೆ. ಯಕ್ಷಗಾನದ ಸ್ತ್ರೀವೇಷ ನೋಡಿ ಹೀಗಾಯಿತು ಎಂದವರೂ ಇದ್ದಾರೆ. ಮಲೆನಾಡಿನಲ್ಲಿ ರಾತ್ರಿಯಿಡೀ ಆಟ ನೋಡಿ ಬೆಳೆದವರು ಎಷ್ಟು ಜನ! ಅವರಿಗೆಲ್ಲ ಏನಾಯಿತು ಹೇಳಿ.

ನನಗೆ ನಿಜಕ್ಕೂ ಸಿಟ್ಟು ಬರುವುದು "ಮದುವೆ ಮಾಡಿಬಿಟ್ರೆ ಸರಿಹೋಗುತ್ತೆ" ಎಂಬ ಮಾತಿಗೆ. ಸರಿಹೋಗುವುದಿಲ್ಲ. ಇಬ್ಬರ ಬದುಕು ಕೆಡುತ್ತದೆ. "ಬದಲಾಯಿಸಿಕೊಡ್ತೀವಿ" ಎನ್ನುವವರ ಹತ್ತಿರವೂ ಹೋಗಬೇಡಿ. ಅಂಥ ಕನ್ವರ್ಷನ್ ಥೆರಪಿಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ವೃತ್ತಿ ದುರ್ನಡತೆ ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆ ರೋಗಗಳ ತನ್ನ ಹೊಸ ಪಟ್ಟಿಯಲ್ಲಿ ಈ ಲಿಂಗತ್ವದ ವಿಷಯವನ್ನು ಮನೋರೋಗಗಳ ಅಧ್ಯಾಯದಿಂದ ತೆಗೆದಿದೆ. ಆ ಪಟ್ಟಿ 2022ರಿಂದ ಜಾರಿಯಲ್ಲಿದೆ.

ಮಗುವಿಗೆ ಉತ್ತರ ಸಿಗುವವರೆಗೆ ಮನೆಯಲ್ಲಿ ಏನು ಮಾಡುವುದು? ಕೂದಲು ಕತ್ತರಿಸಿದರೆ ಮತ್ತೆ ಬೆಳೆಯುತ್ತದೆ, ಬಿಡಿ. ಬೇಡವೆಂದ ಬಳೆ, ಸರ ನೆಂಟರ ಮನೆಗೆ ಹೋಗುವಾಗಲೂ ಬೇಡ. ಹೇಗೆ ಕರೆದರೆ ಇಷ್ಟ ಎಂದು ಕೇಳಿ, ಮನೆಯೊಳಗಾದರೂ ಹಾಗೆ ಕರೆಯಿರಿ. ಹಾರ್ಮೋನು, ಸರ್ಜರಿಯ ಮಾತು ಬೇರೆ. ಅದು ತಜ್ಞರ ಜೊತೆ ಬಹಳ ನಿಧಾನವಾಗಿ ಆಗಬೇಕಾದ್ದು.

ಇದೆಲ್ಲಕ್ಕೂ ಕಾಯಬಹುದು. ಒಂದಕ್ಕೆ ಮಾತ್ರ ಕಾಯಬೇಡಿ. ಆಟಿಸಂ ಇರುವವರಲ್ಲೂ ಟ್ರಾನ್ಸ್‌ಜೆಂಡರ್ ಆದವರಲ್ಲೂ ಬದುಕು ಬೇಡ ಎಂಬ ಯೋಚನೆ ಉಳಿದವರಿಗಿಂತ ಜಾಸ್ತಿ. ಮಗು ಊಟ ಬಿಟ್ಟರೆ, ಕೈ ಕುಯ್ದುಕೊಂಡರೆ, ಸಾಯುವ ಮಾತಾಡಿದರೆ ಅವತ್ತೇ ಹತ್ತಿರದ ಆಸ್ಪತ್ರೆಗೆ ಕರೆತನ್ನಿ. ಘಟ್ಟದ ಮಳೆಗೆ ರಸ್ತೆ ಕಟ್ಟಾಗಿ ಬರಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.