ಮೆಮೊರಿ ಮುಗಿದಾಗ ಯಾರನ್ನು ಸಾಯಿಸಬೇಕು?

"ಡೇಟಾಬೇಸ್ ತಾನಾಗೇ ನಿಂತುಹೋಗಿದೆ, ಅದರ ಲಾಗಿನಲ್ಲಿ ಏನೂ ಇಲ್ಲ." ಲಿನಕ್ಸ್ ಸರ್ವರ್ ನೋಡಿಕೊಳ್ಳುವವರು ಆಗಾಗ ಕೇಳುವ ದೂರು ಇದು. ಬರೆಯುವುದಕ್ಕೆ ಅದಕ್ಕೆ ಸಮಯವೇ ಸಿಕ್ಕಿರುವುದಿಲ್ಲ. ಮೆಮೊರಿ ಮುಗಿದಾಗ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಸಿಗ್‌ಕಿಲ್ (ಕೂಡಲೇ ಸಾಯಿಸುವ ಸಂಕೇತ) ಕಳಿಸಿದರೆ ಯಾವ ಪ್ರೋಗ್ರಾಮೂ ತಡೆಯಲಾರದು. ಸುಳಿವು ಕರ್ನಲ್ ಲಾಗಿನಲ್ಲಿರುತ್ತದೆ: "ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರೋಸೆಸ್" (ಪ್ರೋಸೆಸ್ ಅಂದರೆ ಓಡುತ್ತಿರುವ ಪ್ರೋಗ್ರಾಂ). ಕಂಟೇನರ್ (ಪ್ರೋಗ್ರಾಮನ್ನು ಬೇರೆಯಾಗಿಟ್ಟು ಓಡಿಸುವ ಡಬ್ಬಿ) ಆದರೆ ಎಕ್ಸಿಟ್ ಕೋಡ್, ಅಂದರೆ ನಿಂತಾಗ ಬಿಟ್ಟುಹೋಗುವ ಸಂಖ್ಯೆ, 137. ಅಂದರೆ 128ಕ್ಕೆ ಸಿಗ್‌ಕಿಲ್‌ನ ನಂಬರ್ 9 ಕೂಡಿಸಿದ್ದು, ಅಷ್ಟೇ.

ಆಮೇಲೆ ಎಲ್ಲರೂ ಡೇಟಾಬೇಸನ್ನೇ ಬೈಯುತ್ತಾರೆ. ಸತ್ತಿದ್ದು ಅದು ನಿಜ, ತಪ್ಪು ಮಾತ್ರ ಬೇರೆಯವರದ್ದಿರಬಹುದು.

ಪ್ರೋಗ್ರಾಂ ಒಂದು ಜಿಬಿ ಕೇಳಿದರೆ ಲಿನಕ್ಸ್ ಸಾಮಾನ್ಯವಾಗಿ 'ಆಯ್ತು' ಅನ್ನುತ್ತದೆ. ಆದರೆ ಆಗ ಕೊಡುವುದು ಬರೀ ವಿಳಾಸ. ಆ ಜಾಗವನ್ನು ಮೊದಲ ಸಲ ಮುಟ್ಟಿದಾಗಲೇ ನಿಜವಾದ ರ‍್ಯಾಮ್ ಸಿಗುವುದು, ಅದೂ ಒಂದೊಂದೇ ಪೇಜ್, ಸಾಮಾನ್ಯವಾಗಿ 4 ಕೆಬಿ. ಮದುವೆಗೆ ಸಾವಿರ ಜನರನ್ನು ಕರೆದು ಏಳುನೂರು ಎಲೆಗೆ ಅಡುಗೆ ಮಾಡಿಸುತ್ತೇವಲ್ವಾ, ಹಾಗೆ. ಎಲ್ಲರೂ ಬಂದು ಕೂತರೆ ಮಾತ್ರ ಫಜೀತಿ. ಇದಕ್ಕೆ ಓವರ್‌ಕಮಿಟ್ ಅಂತಾರೆ.

ಇದು ಸುಮ್ನೆ ಮಾಡುವ ದುಂದಲ್ಲ. ರೆಡಿಸ್ ಎಂಬ ಡೇಟಾಬೇಸ್ ತನ್ನ ಡೇಟಾವನ್ನು ಡಿಸ್ಕಿಗೆ ಉಳಿಸಲು ಫೋರ್ಕ್ ಮಾಡುತ್ತದೆ, ಅಂದರೆ ತನ್ನದೇ ಇನ್ನೊಂದು ಪ್ರತಿ ಹುಟ್ಟಿಸುತ್ತದೆ. ಲೆಕ್ಕದಲ್ಲಿ ಮೆಮೊರಿ ಎರಡರಷ್ಟಾಗುತ್ತದೆ. ಆದರೆ ಬದಲಾಗದ ಪೇಜ್‌ಗಳನ್ನು ಇಬ್ಬರೂ ಹಂಚಿಕೊಳ್ಳುವುದರಿಂದ ನಿಜವಾದ ಖರ್ಚು ಕಡಿಮೆ. ಅದಕ್ಕೇ ರೆಡಿಸ್‌ನವರು ಓವರ್‌ಕಮಿಟ್ ಸೆಟ್ಟಿಂಗ್ 1 ಇಡಿ ಅನ್ನುತ್ತಾರೆ, ಅಂದರೆ ಕೇಳಿದ್ದಕ್ಕೆಲ್ಲ ಹೂಂ ಅನ್ನು. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸಿನ ಕೈಪಿಡಿಯ ಸಲಹೆ 2ರ ಕಡೆಗೆ, ಅಂದರೆ ಬಿಗಿ ಲೆಕ್ಕ. ಎರಡನ್ನೂ ಒಂದೇ ಯಂತ್ರದಲ್ಲಿ ಓಡಿಸುವವರ ಪಾಡು ಕೇಳಬೇಡಿ.

ವಿಂಡೋಸ್‌ನಲ್ಲಿ ಬಿಗಿ ಲೆಕ್ಕವೇ ರೂಢಿ. ಕಮಿಟ್ ಮಾಡಿದ, ಅಂದರೆ ಕೊಡುತ್ತೇನೆಂದು ಒಪ್ಪಿದ, ಮೆಮೊರಿಗೆಲ್ಲ ರ‍್ಯಾಮ್ ಅಥವಾ ಡಿಸ್ಕಿನಲ್ಲಿರುವ ಪೇಜ್‌ಫೈಲಿನಲ್ಲಿ ಜಾಗ ಇರಲೇಬೇಕು. ಇಲ್ಲದಿದ್ದರೆ ಕೇಳಿದಾಗಲೇ 'ಇಲ್ಲ' ಅನ್ನುತ್ತದೆ. ಆ 'ಇಲ್ಲ'ವನ್ನು ನೆಟ್ಟಗೆ ನಿಭಾಯಿಸುವ ಪ್ರೋಗ್ರಾಂ ಸಿಗುವುದು ಅಪರೂಪ, ಅದು ಬೇರೆ ಮಾತು.

ಲಿನಕ್ಸ್ ಸಾಯಿಸುವ ಮೊದಲು ಬಹಳ ಒದ್ದಾಡುತ್ತದೆ. ಫೈಲ್ ಕ್ಯಾಶ್ (ರ‍್ಯಾಮ್‌ನಲ್ಲಿಟ್ಟ ಫೈಲ್‌ಗಳ ಪ್ರತಿ) ಖಾಲಿ ಮಾಡುತ್ತದೆ, ಪೇಜ್‌ಗಳನ್ನು ಸ್ವಾಪ್‌ಗೆ, ಅಂದರೆ ಡಿಸ್ಕಿನಲ್ಲಿ ಮೀಸಲಿಟ್ಟ ಜಾಗಕ್ಕೆ, ತಳ್ಳುತ್ತದೆ. ಸ್ವಾಪ್ ತೆಗೆದರೆ ಈ ಒದ್ದಾಟ ಇರಲ್ಲ ಅಂತ ಹಲವರು ನಂಬಿದ್ದಾರೆ. ಹಾಗಿಲ್ಲ. ಪ್ರೋಗ್ರಾಮಿನ ಕೋಡ್ ಕೂಡ ಫೈಲಿನಿಂದ ಬಂದ ಪೇಜ್‌ಗಳೇ. ಕರ್ನಲ್ ಅವನ್ನೂ ಬಿಸಾಕಿ, ಮರುಕ್ಷಣ ಬೇಕಾದಾಗ ಮತ್ತೆ ಡಿಸ್ಕಿನಿಂದ ಓದುತ್ತದೆ. ಯಂತ್ರ ಕಲ್ಲಾಗಿ ಕೂರುತ್ತದೆ, ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸ್ ಸಾಯಿಸುವ ಕರ್ನಲ್‌ನ ಭಾಗ) ಮಾತ್ರ ಬರುವುದಿಲ್ಲ. ಹೀಗೆ ಕಾಯುವುದರಲ್ಲಿ ಎಷ್ಟು ಹೊತ್ತು ಹಾಳಾಯಿತು ಅಂತ ಅಳೆಯುವ ಪಿಎಸ್‌ಐ ಎಂಬ ಸೌಲಭ್ಯ 2018ರಲ್ಲಿ ಕರ್ನಲ್ 4.20ಕ್ಕೆ ಬಂತು. ಸಿಸ್ಟಮ್‌ಡಿ-ಓಓಎಂಡಿ ಎಂಬ ಕಾವಲು ಪ್ರೋಗ್ರಾಂ ಅದನ್ನೇ ನೋಡಿ ಮೊದಲೇ ಕೈ ಹಾಕುತ್ತದೆ. ಆಂಡ್ರಾಯ್ಡ್ ಕೂಡ ಹೀಗೇ ಹಿನ್ನೆಲೆಯಲ್ಲಿರುವ ಆ್ಯಪ್‌ಗಳನ್ನು ಮೊದಲು ತೆಗೆಯುತ್ತದೆ.

ಬಲಿ ಆಯ್ಕೆಯ ಲೆಕ್ಕ ಒರಟು. ರ‍್ಯಾಮ್, ಸ್ವಾಪ್, ಪೇಜ್ ಟೇಬಲ್ (ಯಾವ ಪೇಜ್ ಎಲ್ಲಿದೆ ಅನ್ನುವ ಪಟ್ಟಿ) ಸೇರಿಸಿ ಯಾರದ್ದು ಜಾಸ್ತಿಯೋ ಅವರು ಮೊದಲು. ಲಾಗ್ ಸಾಗಿಸುವ ಏಜೆಂಟ್ ಪ್ರೋಗ್ರಾಂ ಸೋರುತ್ತಾ (ಪಡೆದ ಮೆಮೊರಿ ಹಿಂದಿರುಗಿಸದೆ) 2 ಜಿಬಿ ನುಂಗಿದರೂ, ಸಾಯುವುದು 10 ಜಿಬಿಯ ಡೇಟಾಬೇಸ್. ಪ್ರತಿ ಪ್ರೋಸೆಸ್‌ಗೂ -1000ದಿಂದ 1000ದವರೆಗೆ ಒಂದು ತಿದ್ದುಪಡಿ ಅಂಕ ಕೊಡಬಹುದು. -1000 ಕೊಟ್ಟರೆ ಮುಟ್ಟುವುದೇ ಇಲ್ಲ. ಅದನ್ನು ಡೇಟಾಬೇಸಿಗೆ ಕೊಡಬೇಡಿ ಅಂತಲೇ ನಾನು ಹೇಳುವುದು. ನಾಳೆ ಅದೇ ಸೋರಿದರೆ ಉಳಿದವರೆಲ್ಲ ಸಾಲಾಗಿ ಸಾಯುತ್ತಾರೆ. ಅದರ ಬದಲು ಏಜೆಂಟ್‌ಗೆ ಸಿಗ್ರೂಪ್‌ನಲ್ಲಿ (ಪ್ರೋಸೆಸ್‌ಗಳನ್ನು ಗುಂಪು ಮಾಡಿ ಮಿತಿ ಹಾಕುವ ವ್ಯವಸ್ಥೆ) 500 ಎಂಬಿ ಮಿತಿ ಹಾಕಿ. ಮಿತಿ ದಾಟಿದರೆ ಆ ಗುಂಪಿನೊಳಗೇ ಸಾಯುತ್ತದೆ.

ಕರ್ನಲ್ ಲಾಗ್ ಓದುವಾಗ "ಇನ್ವೋಕ್ಡ್ ಓಓಎಂ ಕಿಲ್ಲರ್" ಅಂತಿರುವ ಹೆಸರನ್ನು ಹಿಡಿದು ಜಗ್ಗಬೇಡಿ. ಅದು ಕೊನೆಯ ಪೇಜ್ ಕೇಳಿದ ಪ್ರೋಸೆಸ್, ಅಷ್ಟೇ. ಕೆಳಗಿನ ಪಟ್ಟಿಯಲ್ಲಿ ಎಲ್ಲ ಪ್ರೋಸೆಸ್‌ಗಳ ಆರ್‌ಎಸ್‌ಎಸ್, ಅಂದರೆ ಹಿಡಿದಿರುವ ನಿಜವಾದ ರ‍್ಯಾಮ್, ಇರುತ್ತದೆ. ದಿನವೂ ಇರುವುದಕ್ಕಿಂತ ಯಾರು ಊದಿದ್ದಾರೆ ಅಂತ ಅಲ್ಲಿ ಹುಡುಕಿ. ಆ ಅಂಕಿ ಕೆಬಿಯಲ್ಲಿಲ್ಲ, ಪೇಜ್‌ಗಳಲ್ಲಿದೆ. 4ರಿಂದ ಗುಣಿಸಿಕೊಳ್ಳಿ.