ನಾಳಿದ್ದು ಏಳುವ ತುರಿಕೆ

ತೀರ್ಥಹಳ್ಳಿ ಕಡೆಯ ನನ್ನ ಪರಿಚಯದ ಅಡಿಕೆ ಬೆಳೆಗಾರರೊಬ್ಬರಿಗೆ ಮೂರು ಮಳೆಗಾಲ ಒಂದೇ ತೊಂದರೆ ಕಾಡಿತು. ಜೂನ್ ಕೊನೆಯ ಹೊತ್ತಿಗೆ ಪಾದದ ಮೇಲ್ಭಾಗದಲ್ಲೂ ಮೊಣಕಾಲಿನ ಕೆಳಗೂ ಚರ್ಮ ಕೆಂಪೇರಿ, ಸಣ್ಣ ನೀರುಗುಳ್ಳೆಗಳೆದ್ದು, ರಾತ್ರಿ ನಿದ್ದೆಗೆಡಿಸುವಷ್ಟು ತುರಿಸುತ್ತಿತ್ತು. ಮಳೆ ಹಿಂದಾಗಿ ತೋಟದ ನೆಲ ಒಣಗುವಾಗ ಎಲ್ಲವೂ ತಾನಾಗಿ ಇಳಿದು ಕಪ್ಪು ಕಲೆಗಳಷ್ಟೇ ಉಳಿಯುತ್ತಿದ್ದವು. ಕಾರಣದ ಬಗ್ಗೆ ಅವರಿಗೆ ಸಂಶಯವೇ ಇರಲಿಲ್ಲ. ಕೊಳೆರೋಗಕ್ಕೆ ಔಷಧಿ ಹೊಡೆಸುವುದೂ ಅದೇ ದಿನಗಳಲ್ಲಿ. ಮರದ ಮೇಲಿಂದ ಹನಿಯುವ ಬೋರ್ಡೋ ದ್ರಾವಣ ಕಾಲಿಗೆ ಬಿದ್ದು ಹೀಗಾಗುತ್ತಿದೆ ಎಂದು ಅವರೂ ಮನೆಯವರೂ ತೀರ್ಮಾನಿಸಿಬಿಟ್ಟಿದ್ದರು.

ಬೋರ್ಡೋವನ್ನು ಸಂಶಯಿಸುವುದರಲ್ಲಿ ತಪ್ಪೇನೂ ಇಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಶತಮಾನದ ಹಿಂದೆ ಕೊಳೆರೋಗಕ್ಕೆ ಅದನ್ನು ರೂಢಿಗೆ ತಂದ ಮೇಲೆ ಮಲೆನಾಡಿನ ತೋಟಗಳಲ್ಲಿ ಅದು ಮಳೆಯಷ್ಟೇ ಸಹಜವಾಗಿದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಸುಣ್ಣ ಚರ್ಮವನ್ನು ಒಡೆಸುತ್ತದೆ, ಕಣ್ಣಿಗೆ ಸಿಡಿದರೆ ಅಪಾಯ. ಆದರೆ ಒಂದು ಪ್ರಶ್ನೆಯನ್ನು ಅವರು ಕೇಳಿಕೊಂಡಿರಲಿಲ್ಲ. ಮರದ ತುದಿಯಲ್ಲಿ ಕುಳಿತು ದಿನವಿಡೀ ಅದೇ ದ್ರಾವಣದಲ್ಲಿ ಮೈ ನೆನೆಸಿಕೊಳ್ಳುವ ಕೊನೆಗಾರನಿಗೆ ಏನೂ ಆಗದೆ, ಕೆಳಗೆ ನಿಂತು ಹೊಸ ಗಂಬೂಟು ಹಾಕಿಕೊಂಡು ಪೈಪು ಎಳೆಯುವ ಯಜಮಾನರಿಗೇ ಏಕೆ ಆಗಬೇಕು?

ಇಲ್ಲಿಂದಲೇ ಎರಡು ದಾರಿಗಳು ಕವಲೊಡೆಯುತ್ತವೆ. ರಾಸಾಯನಿಕವೊಂದು ಚರ್ಮವನ್ನು ನೇರವಾಗಿ ಸುಡುವುದು ಅಥವಾ ಸವೆಸುವುದು ಒಂದು ಬಗೆ. ಅದಕ್ಕೆ ಯಾರ ಚರ್ಮವೂ ಆದೀತು. ಪ್ರಮಾಣ ಹೆಚ್ಚಿದಷ್ಟು ಗಾಯ ಹೆಚ್ಚು, ಉರಿಯೂ ಕೂಡಲೇ. ಇದು ಕೆರಳಿಕೆ, ಅಲರ್ಜಿಯಲ್ಲ. ಅಲರ್ಜಿಯಲ್ಲಿ ವಸ್ತು ತಾನಾಗಿ ಏನನ್ನೂ ಸುಡುವುದಿಲ್ಲ. ಅದನ್ನು ಶತ್ರುವೆಂದು ಗುರುತಿಟ್ಟುಕೊಂಡ ದೇಹವೇ ತನ್ನ ಚರ್ಮದ ಮೇಲೆ ದಾಳಿ ಮಾಡುತ್ತದೆ. ಆದ್ದರಿಂದ ಹತ್ತು ಜನ ಮುಟ್ಟಿದರೆ ಒಬ್ಬರಿಗಷ್ಟೇ ಆಗಬಹುದು, ಮತ್ತು ಆ ಒಬ್ಬರಿಗೆ ಅತ್ಯಲ್ಪ ಪ್ರಮಾಣವೂ ಸಾಕು.

ಈ ವ್ಯತ್ಯಾಸವನ್ನು ಮಲೆನಾಡಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ ಎಂಬುದು ನನ್ನ ಅನಿಸಿಕೆ. ಅಪ್ಪೆಮಿಡಿಯ ತೊಟ್ಟು ಮುರಿದಾಗ ಚಿಮ್ಮುವ ಸೊನೆ ತುಟಿಗೆ ತಾಗಿ ಆಗಲೇ ಉರಿದರೆ ಅದು ಸುಟ್ಟದ್ದು. ಕೊಯ್ದು ಬಂದು ಎರಡು ದಿನ ಕಳೆದ ಮೇಲೆ ಕೆಲವರಿಗೆ ಮಾತ್ರ ಮುಖ ಊದಿ, ತೋಳಿನ ಮೇಲೆ ಸೊನೆ ಹರಿದ ಗೆರೆಯುದ್ದಕ್ಕೂ ಗುಳ್ಳೆ ಏಳುವುದು ಬೇರೆಯದೇ ಸಂಗತಿ. ಗೇರುಬೀಜದ ಸಿಪ್ಪೆಯ ಎಣ್ಣೆಯ ವಿಷಯದಲ್ಲೂ ಹೀಗೆಯೇ. ಒಡೆದ ಹಿಮ್ಮಡಿಗೆ ಅದೇ ಎಣ್ಣೆ ಹಚ್ಚಿ ಗುಣ ಕಂಡವರಿದ್ದಾರೆ, ಬೀಜ ಸುಡುವ ಹೊಗೆ ತಾಗಿದರೂ ಕಣ್ಣು ಮುಚ್ಚಿಹೋಗುವಷ್ಟು ಊದಿಕೊಳ್ಳುವವರೂ ಇದ್ದಾರೆ. ಕಾಡಿನ ಕರಿಗೇರಂತೂ, ಅಂದರೆ ವೈದ್ಯರ ಭಲ್ಲಾತಕ, ಈ ಕುಲದಲ್ಲಿ ಹಿರಿಯ. ಅಗಸರು ಅದರ ಕಪ್ಪು ರಸದಿಂದ ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಲವೊಂದಿತ್ತು. ಎರಡನೇ ಮಹಾಯುದ್ಧದ ದಿನಗಳಲ್ಲಿ ಭಾರತಕ್ಕೆ ಬಂದ ಅಮೆರಿಕದ ಸೈನಿಕರ ಕುತ್ತಿಗೆಯ ಹಿಂದೆ, ಸೊಂಟದ ಬಳಿ, ಬಟ್ಟೆಯ ಗುರುತು ತಾಗುವ ಕಡೆಯಲ್ಲೇ ಗುಳ್ಳೆಗಳೆದ್ದದ್ದನ್ನು ಅವರ ವೈದ್ಯರು ದಾಖಲಿಸಿದ್ದಾರೆ. ಆ ಸೈನಿಕರಲ್ಲಿ ಅನೇಕರು ತಮ್ಮೂರಿನಲ್ಲಿ ಮೊದಲೇ ಒಂದು ವಿಷದ ಬಳ್ಳಿಯನ್ನು ಮುಟ್ಟಿ ಬಂದವರು. ಆ ಬಳ್ಳಿಯೂ ಮಾವು, ಗೇರು, ಕರಿಗೇರುಗಳ ಕುಟುಂಬಕ್ಕೇ ಸೇರಿದ್ದು, ಅವುಗಳ ಸೊನೆಯ ರಾಸಾಯನಿಕಗಳು ಒಡಹುಟ್ಟಿದವುಗಳಂತೆ ಹೋಲುತ್ತವೆ. ಒಂದಕ್ಕೆ ಒಗ್ಗದ ದೇಹ ಇನ್ನೊಂದನ್ನೂ ಅದೇ ಎಂದು ಭಾವಿಸುತ್ತದೆ.

ಹಾಗಾದರೆ ಆ ಎರಡು ದಿನಗಳಲ್ಲಿ ಚರ್ಮದೊಳಗೆ ನಡೆಯುವುದೇನು?

ನಮ್ಮ ಹೊರಚರ್ಮ ಒಳ್ಳೆಯ ಬೇಲಿ. ದೊಡ್ಡ ಅಣುಗಳನ್ನು ಅದು ಒಳಗೆ ಬಿಡುವುದಿಲ್ಲ. ಸುಮಾರು 500 ಡಾಲ್ಟನ್‌ಗಿಂತ ಕಡಿಮೆ ತೂಕದವು ಮಾತ್ರ ನುಸುಳಬಲ್ಲವು. ಆದರೆ ಇಷ್ಟು ಸಣ್ಣ ಅಣುವನ್ನು ರೋಗನಿರೋಧಕ ವ್ಯವಸ್ಥೆ ಒಂಟಿಯಾಗಿ ಗಮನಿಸುವುದೇ ಇಲ್ಲ. ಅದು ನಮ್ಮದೇ ಚರ್ಮದ ಪ್ರೋಟೀನಿಗೆ ಅಂಟಿಕೊಂಡಾಗ ಮಾತ್ರ ಪ್ರೋಟೀನಿನ ಗುರುತು ಕೆಟ್ಟು, ಪರಿಚಿತ ಮುಖಕ್ಕೆ ಬಣ್ಣ ಬಳಿದಂತಾಗುತ್ತದೆ. ಹೀಗೆ ಅಂಟಿಕೊಳ್ಳುವ ಅಣುಗಳಿಗೆ ಹ್ಯಾಪ್ಟೆನ್ ಎಂದು ಹೆಸರು. ಹೆಸರಿಟ್ಟವನು ರಕ್ತದ ಗುಂಪುಗಳ ಶೋಧಕ್ಕಾಗಿ 1930ರಲ್ಲಿ ನೊಬೆಲ್ ಪಡೆದ ಕಾರ್ಲ್ ಲ್ಯಾಂಡ್‌ಸ್ಟೈನರ್. ಬದಲಾದ ಪ್ರೋಟೀನನ್ನು ಹೊರಚರ್ಮದಲ್ಲಿರುವ ಲ್ಯಾಂಗರ್‌ಹಾನ್ಸ್ ಕೋಶಗಳು ಎತ್ತಿಕೊಂಡು ಹತ್ತಿರದ ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಕೆಲವು ಅದನ್ನು ಗುರುತಿಟ್ಟುಕೊಂಡು ಸಂಖ್ಯೆಯಲ್ಲಿ ಹೆಚ್ಚುತ್ತವೆ. ಇದಕ್ಕೆ ಹತ್ತು ಹದಿನೈದು ದಿನ ಹಿಡಿಯುತ್ತದೆ, ಮತ್ತು ಈ ಅವಧಿಯಲ್ಲಿ ಮನುಷ್ಯನಿಗೆ ಸಾಮಾನ್ಯವಾಗಿ ಏನೂ ತಿಳಿಯುವುದಿಲ್ಲ. ಮುಂದಿನ ಸಲ ಅದೇ ವಸ್ತು ತಾಗಿದಾಗ ಈ ಕೋಶಗಳು ರಕ್ತದ ಮೂಲಕ ಬಂದು, ಆ ಜಾಗದಲ್ಲಿ ನೆರೆದು, ಉರಿಯೂತ ಎಬ್ಬಿಸಲು ಒಂದರಿಂದ ಮೂರು ದಿನ ಬೇಕು.

ಈ ವಿಳಂಬವೇ ಎಲ್ಲ ತಪ್ಪು ತೀರ್ಮಾನಗಳ ಮೂಲ. ತುರಿಕೆ ಎದ್ದ ದಿನ ಏನು ಮುಟ್ಟಿದೆ, ಏನು ತಿಂದೆ ಎಂದು ನಾವು ಲೆಕ್ಕ ಹಾಕುತ್ತೇವೆ. ಮೊನ್ನೆ ಮುಟ್ಟಿದ್ದು ನೆನಪಿಗೆ ಬರುವುದಿಲ್ಲ. ಭಾನುವಾರ ಕೂದಲಿಗೆ ಬಣ್ಣ ಹಚ್ಚಿಕೊಂಡು ಮಂಗಳವಾರ ಕಣ್ಣು ಊದಿದರೆ ಸೋಮವಾರ ತಿಂದ ಬದನೆಕಾಯಿಗೆ ಅಪವಾದ ಬರುತ್ತದೆ. ಇನ್ನೊಂದು ನಂಬಿಕೆಯೂ ಅಷ್ಟೇ ದಾರಿ ತಪ್ಪಿಸುವಂಥದ್ದು: ‘ಇಪ್ಪತ್ತು ವರ್ಷದಿಂದ ಇದನ್ನೇ ಬಳಸುತ್ತಿದ್ದೇನೆ, ಇದರಿಂದ ಆಗಲು ಸಾಧ್ಯವಿಲ್ಲ.’ ವಾಸ್ತವದಲ್ಲಿ ದೀರ್ಘ ಬಳಕೆಯೇ ಅವಕಾಶಗಳನ್ನು ಹೆಚ್ಚಿಸುತ್ತದೆ; ಎಷ್ಟೋ ಗಾರೆ ಕೆಲಸದವರಿಗೆ ಸಿಮೆಂಟಿನ ಅಲರ್ಜಿ ಕಾಣಿಸಿಕೊಳ್ಳುವುದು ವರ್ಷಗಟ್ಟಲೆ ಕೆಲಸ ಮಾಡಿದ ಮೇಲೆಯೇ.

ಸಮಯ ಹೀಗೆ ವಂಚಿಸುವುದರಿಂದ ಚರ್ಮವೈದ್ಯರು ಮೊದಲು ನೋಡುವುದು ಜಾಗವನ್ನು. ಹವಾಯಿ ಚಪ್ಪಲಿಯ ಪಟ್ಟಿಯ ಆಕಾರದಲ್ಲೇ ಪಾದದ ಮೇಲೆ ಕೆಂಪು ಗೆರೆಗಳೆದ್ದಿದ್ದರೆ ರಬ್ಬರು, ಕಿವಿಯ ಹಾಲೆಯಲ್ಲೂ ಪ್ಯಾಂಟಿನ ಗುಂಡಿ ತಾಗುವ ಹೊಕ್ಕುಳ ಕೆಳಗೂ ಇದ್ದರೆ ನಿಕ್ಕಲ್, ಹಣೆಯ ನಡುವೆ ದುಂಡಗೆ ಇದ್ದರೆ ಅಂಟಿಸುವ ಬಿಂದಿಯ ಗೋಂದು. ಕೂದಲ ಬಣ್ಣದ ಪ್ಯಾರಾ-ಫಿನಿಲೀನ್ ಡೈಅಮೀನ್ ಮಾತ್ರ ಸ್ವಲ್ಪ ಕಪಟಿ: ಹಚ್ಚಿದ್ದು ತಲೆಗೆ, ಆದರೆ ದಪ್ಪ ಚರ್ಮದ ನೆತ್ತಿಗಿಂತ ತೆಳುವಾದ ರೆಪ್ಪೆ, ಕಿವಿ, ಕತ್ತುಗಳಲ್ಲಿ ಊತ ಜೋರು. ನಿಜವಾದ ಮದರಂಗಿ ಕೊಡುವುದು ಕೆಂಗಂದು ಬಣ್ಣ. ಸ್ವಲ್ಪ ಹೊತ್ತಿನಲ್ಲೇ ಕಡುಕಪ್ಪು ಹಿಡಿಸುವ ‘ಕಪ್ಪು ಮೆಹಂದಿ’ಯಲ್ಲಿ ಸಾಮಾನ್ಯವಾಗಿ ಇದೇ ರಾಸಾಯನಿಕ ಇರುತ್ತದೆಂಬುದನ್ನು ಮದುವೆ ಮನೆಗಳಲ್ಲಿ ಯಾರಾದರೂ ಹೇಳಬೇಕು. ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಬೇಸಗೆ ಮಳೆಗಳಲ್ಲಿ ಉಲ್ಬಣಿಸುವುದು ಕಾಂಗ್ರೆಸ್ ಗಿಡದ ಪಾರ್ಥೆನಿನ್‌ನಿಂದ ಇರಬಹುದು. ಅದು ಗಾಳಿಯಲ್ಲಿ ಬರುತ್ತದೆ, ಮುಟ್ಟಲೇಬೇಕೆಂದಿಲ್ಲ.

ನಮ್ಮ ಬೆಳೆಗಾರರ ಕಾಲುಗಳಲ್ಲೂ ಜಾಗವೇ ಮಾತಾಡಿತು. ಎರಡೂ ಕಾಲುಗಳಲ್ಲಿ ಕೆಂಪು ಒಂದೇ ಎತ್ತರಕ್ಕೆ, ಗಂಬೂಟಿನ ಬಾಯಿ ತಾಗುವಲ್ಲಿಗೆ, ಗೆರೆ ಎಳೆದಂತೆ ನಿಂತಿತ್ತು. ಮೇಲಿನಿಂದ ಹನಿಯುವ ದ್ರಾವಣ ಹಾಗೆ ಗೆರೆ ಹಾಕುವುದಿಲ್ಲ. ಕೆಸರುಹುಣ್ಣು, ಹುಳಕಡ್ಡಿಗಳೂ ಅಲ್ಲ, ಏಕೆಂದರೆ ಶಿಲೀಂಧ್ರ ಮೊದಲು ಹಿಡಿಯುವುದೇ ಕಾಲ್ಬೆರಳ ಸಂದಿಯನ್ನು. ಇಲ್ಲಿ ಸಂದಿಗಳು ಶುಭ್ರವಾಗಿದ್ದವು. ಹಿಂದಿನ ವರ್ಷ ಔಷಧಿ ಅಂಗಡಿಯೊಂದರಲ್ಲಿ ಕೇಳಿ ತಂದಿದ್ದ ಮಿಶ್ರ ಮುಲಾಮು ಮಾತ್ರ ಚಿತ್ರವನ್ನು ಕಲಸಿತ್ತು. ಸ್ಟೀರಾಯ್ಡ್, ಪ್ರತಿಜೈವಿಕ, ಶಿಲೀಂಧ್ರನಾಶಕ ಮೂರನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿದ ಇಂಥ ಮುಲಾಮುಗಳು ತುರಿಕೆಯನ್ನು ನಾಲ್ಕು ದಿನ ಅಡಗಿಸಿ ರೋಗದ ಗುರುತನ್ನೇ ಅಳಿಸುತ್ತವೆ. ಕೆಲವುಗಳಲ್ಲಿರುವ ನಿಯೋಮೈಸಿನ್ ಎಂಬ ಪ್ರತಿಜೈವಿಕ ತಾನೇ ಹೆಸರಾಂತ ಅಲರ್ಜಿಕಾರಕ.

ಜಾಗ ಸುಳಿವು ಕೊಡುತ್ತದೆ, ಸಾಕ್ಷ್ಯ ಕೊಡುವುದು ಪ್ಯಾಚ್ ಪರೀಕ್ಷೆ. 1895ರಲ್ಲಿ ಯೋಸೆಫ್ ಯಾಡಸೋನ್ ಎಂಬ ಜರ್ಮನ್ ಚರ್ಮವೈದ್ಯ ಪಾದರಸದ ಔಷಧಿಯಿಂದ ಮೈಯೆಲ್ಲ ಕೆಂಪಾದ ರೋಗಿಯ ಚರ್ಮದ ಸಣ್ಣ ಜಾಗಕ್ಕೆ ಅದೇ ಪಾದರಸವನ್ನು ಹಚ್ಚಿ ಅದೇ ಪ್ರತಿಕ್ರಿಯೆಯನ್ನು ತೋರಿಸಿದ್ದ. ಮೂಲ ಉಪಾಯ ಇಂದಿಗೂ ಅದೇ. ವ್ಯಾಸಲೀನಿನಂಥ ಪೆಟ್ರೋಲೇಟಮ್‌ನಲ್ಲಿ ಕಲಸಿದ ರಾಸಾಯನಿಕಗಳನ್ನು, ನಿಕ್ಕಲ್ ಸಲ್ಫೇಟ್ ಶೇ. 5, ಪೊಟ್ಯಾಸಿಯಂ ಡೈಕ್ರೋಮೇಟ್ ಶೇ. 0.5, ಕೂದಲ ಬಣ್ಣದ ರಾಸಾಯನಿಕ ಶೇ. 1 ಎಂಬಂತೆ, ಬಟನ್ನಿನಷ್ಟು ಅಗಲದ ಅಲ್ಯೂಮಿನಿಯಂ ಬಟ್ಟಲುಗಳಲ್ಲಿ ತುಂಬಿ ಬೆನ್ನಿಗೆ ಅಂಟಿಸುತ್ತಾರೆ. 48 ಗಂಟೆಗಳ ನಂತರ ತೆಗೆದು ಒಮ್ಮೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಎರಡನೆಯ ನೋಟವೇ ಮುಖ್ಯ. ಕೆರಳಿಕೆಯಿಂದಾದ ಕೆಂಪು ಆ ಹೊತ್ತಿಗೆ ಇಳಿಯುತ್ತದೆ, ಅಲರ್ಜಿಯ ಕೆಂಪು ಏರುತ್ತದೆ. ದೂರದ ಊರಿನವರು ಮತ್ತೆ ಬಸ್ಸು ಹತ್ತುವ ಬೇಸರಕ್ಕೆ ಈ ಎರಡನೆಯ ಭೇಟಿಯನ್ನು ತಪ್ಪಿಸಿದರೆ ಅರ್ಧ ಪರೀಕ್ಷೆ ವ್ಯರ್ಥ. ಅಷ್ಟು ದಿನವೂ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರುವ ಕೆಲಸ ಮಾಡುವಂತಿಲ್ಲ. ಹಂಡೆ ತುಂಬ ಬಿಸಿನೀರು ಹೊಯ್ದುಕೊಳ್ಳದೆ ದಿನ ಮುಗಿಯದ ಮಲೆನಾಡಿನವರಿಗೆ ಇದು ಶಿಕ್ಷೆಯೇ ಸರಿ. ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು, ಅದು ಪ್ರತಿಕ್ರಿಯೆಯನ್ನು ಮುಚ್ಚಿಹಾಕೀತು.

ಇದರ ಬದಲು ಒಂದು ಸಲ ರಕ್ತ ಕೊಟ್ಟು ನೂರಾರು ವಸ್ತುಗಳ ಅಲರ್ಜಿಯ ಪಟ್ಟಿ ಪಡೆಯಬಹುದಲ್ಲ ಎಂದು ಹಲವರು ಕೇಳುತ್ತಾರೆ. ಆ ಪರೀಕ್ಷೆಗಳು ಅಳೆಯುವುದು ಐಜಿಇ ಎಂಬ ಪ್ರತಿಕಾಯವನ್ನು, ಅಂದರೆ ರಕ್ತದಲ್ಲಿರುವ ಒಂದು ರೋಗನಿರೋಧಕ ಪ್ರೋಟೀನನ್ನು. ಪಿತ್ತದ ಗಂಧೆಯಂತೆ ನಿಮಿಷಗಳಲ್ಲಿ ಏಳುವ ಕೆಲವು ಅಲರ್ಜಿಗಳಿಗೆ ಅದು ಸಂಬಂಧಿಸಿದ್ದು. ಚರ್ಮದ ಈ ನಿಧಾನ ಅಲರ್ಜಿಯಲ್ಲಿ ಅದರ ಪಾತ್ರವಿಲ್ಲ. 1942ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಮೆರಿಲ್ ಚೇಸ್ ಇದನ್ನು ಗಿನಿಯಿಲಿಗಳಲ್ಲಿ ತೋರಿಸಿಕೊಟ್ಟಿದ್ದರು: ಅಲರ್ಜಿಯಿರುವ ಪ್ರಾಣಿಯ ಬಿಳಿ ರಕ್ತಕಣಗಳನ್ನು ಇನ್ನೊಂದಕ್ಕೆ ಕೊಟ್ಟರೆ ಅಲರ್ಜಿಯೂ ದಾಟುತ್ತದೆ, ರಕ್ತದ ತಿಳಿಯನ್ನು ಕೊಟ್ಟರೆ ದಾಟುವುದಿಲ್ಲ. ಪ್ರತಿಕಾಯಗಳಿರುವುದು ಆ ತಿಳಿಯಲ್ಲಿ. ಸಾವಿರಾರು ರೂಪಾಯಿಯ ಪಟ್ಟಿ ಹಿಡಿದುಕೊಂಡು ಬದನೆ, ಕಡಲೆ, ಮೊಸರು ಬಿಟ್ಟವರನ್ನು ಕಂಡಾಗ ನನಗೆ ಈ ಪ್ರಯೋಗ ನೆನಪಾಗುತ್ತದೆ.

ಬೆಳೆಗಾರರ ಬೆನ್ನಿನ ಮೇಲೆ ನಾಲ್ಕನೆಯ ದಿನ ಎರಡು ಕಡೆ ಗುಳ್ಳೆಗಳೆದ್ದವು. ಒಂದು ಮರ್ಕ್ಯಾಪ್ಟೊಬೆಂಝೊಥಿಯಾಝೋಲ್ ಎಂಬ ರಬ್ಬರಿನ ರಾಸಾಯನಿಕ ಇದ್ದ ಬಟ್ಟಲಿನ ಅಡಿಯಲ್ಲಿ. ಇನ್ನೊಂದು, ವೈದ್ಯರು ಹೇಳಿದಂತೆ ಅವರೇ ತಂದಿದ್ದ ಗಂಬೂಟಿನ ಒಳಭಾಗದ ಚೂರಿನ ಅಡಿಯಲ್ಲಿ. ಮೈಲುತುತ್ತಿನ ಜಾಗದಲ್ಲಿ ಏನೂ ಇರಲಿಲ್ಲ. ರಬ್ಬರ್ ಹಾಲನ್ನು ಗಂಧಕದೊಂದಿಗೆ ಬೇಗ ಗಟ್ಟಿಗೊಳಿಸಲು ಬಳಸುವ ಆ ರಬ್ಬರಿನ ರಾಸಾಯನಿಕ ಸಿದ್ಧವಾದ ಬೂಟಿನಲ್ಲೂ ಸ್ವಲ್ಪ ಉಳಿದಿರುತ್ತದೆ. ಒಣ ಕಾಲಿಗೆ ಅದು ಅಷ್ಟಾಗಿ ಅಂಟದು. ಬೂಟಿನೊಳಗೆ ನೀರು ಹೊಕ್ಕು, ಬೆವರು ಸೇರಿ, ಚರ್ಮ ನೆನೆದು ಮೆತ್ತಗಾದಾಗ ಕರಗಿ ಒಳಕ್ಕಿಳಿಯುತ್ತದೆ. ಬೋರ್ಡೋ ಸಿಂಪಡಣೆಯೂ ತುರಿಕೆಯೂ ಒಟ್ಟಿಗೆ ಬರುತ್ತಿದ್ದುದು ಎರಡಕ್ಕೂ ಮಳೆಯೇ ಕಾರಣವಾಗಿದ್ದರಿಂದ.

ಚಿಕಿತ್ಸೆಯ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ವಸ್ತುವನ್ನು ದೂರವಿಡುವುದೇ ಅದರ ಮುಕ್ಕಾಲು ಪಾಲು. ಸೋರುವ ಗುಳ್ಳೆಗಳಿಗೆ ತಣ್ಣೀರಿನ ಬಟ್ಟೆ, ಆಮೇಲೆ ವೈದ್ಯರು ಬರೆದುಕೊಟ್ಟ ಸ್ಟೀರಾಯ್ಡ್ ಮುಲಾಮು. ಕಾಲಿನ ದಪ್ಪ ಚರ್ಮಕ್ಕೆ ಕೊಟ್ಟ ಕ್ಲೋಬೆಟಸಾಲ್‌ನಂಥ ಪ್ರಬಲ ಮುಲಾಮನ್ನು ಮನೆಯವರ ಮುಖಕ್ಕೆ ಹಚ್ಚಬಾರದು, ಅಲ್ಲಿ ಚರ್ಮ ತೆಳುವಾಗಿ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ. ರೆಪ್ಪೆಯಂಥ ನವಿರು ಜಾಗಗಳಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೊಲಿಮಸ್ ಮುಲಾಮು ಇದೆ. ಮೈಯ ದೊಡ್ಡ ಭಾಗಕ್ಕೆ ಹರಡಿದಾಗ, ಕಣ್ಣು ತೆರೆಯಲಾಗದಷ್ಟು ಮುಖ ಊದಿದಾಗ ಸ್ಟೀರಾಯ್ಡ್ ಮಾತ್ರೆ ಬೇಕಾಗುತ್ತದೆ. ಅದನ್ನು ಎರಡು ಮೂರು ವಾರಗಳಲ್ಲಿ ಕ್ರಮೇಣ ಇಳಿಸದೆ ನಾಲ್ಕೈದು ದಿನಕ್ಕೇ ನಿಲ್ಲಿಸಿದರೆ ರೋಗ ಮರಳಿ ಏಳುವುದುಂಟು. ಅಲರ್ಜಿ ಮಾತ್ರೆ ಎಂದು ಎಲ್ಲರೂ ಕರೆಯುವ ಆಂಟಿಹಿಸ್ಟಮಿನ್‌ಗಳು ಇಲ್ಲಿ ನಿದ್ದೆ ಬರಿಸುವುದಕ್ಕಿಂತ ಹೆಚ್ಚೇನೂ ಮಾಡುವುದಿಲ್ಲ, ಈ ತುರಿಕೆಯಲ್ಲಿ ಹಿಸ್ಟಮಿನ್‌ನ ಪಾಲು ಕಡಿಮೆ.

ದೂರವಿಡುವುದು ರೋಗಿಯೊಬ್ಬನ ಹೊಣೆಯಾಗಿ ಮಾತ್ರ ಉಳಿಯಬೇಕಾಗಿಲ್ಲ. ಸಿಮೆಂಟಿನಲ್ಲಿರುವ ಷಡ್ವೇಲೆನ್ಸಿಯ ಕ್ರೋಮಿಯಂ ಗಾರೆಯವರ ಕೈಗಳನ್ನು ಹಾಳುಮಾಡುವುದನ್ನು ಕಂಡು ಡೆನ್ಮಾರ್ಕ್ 1980ರ ದಶಕದ ಆರಂಭದಲ್ಲೇ ಸಿಮೆಂಟಿಗೆ ಫೆರಸ್ ಸಲ್ಫೇಟ್ ಬೆರೆಸತೊಡಗಿತು. ಅದು ಕ್ರೋಮಿಯಂ ಅನ್ನು ಚರ್ಮದೊಳಕ್ಕೆ ಸುಲಭವಾಗಿ ಇಳಿಯದ ರೂಪಕ್ಕೆ ತಿರುಗಿಸುತ್ತದೆ. 2005ರಿಂದ ಐರೋಪ್ಯ ಒಕ್ಕೂಟದಲ್ಲಿ ಹತ್ತು ಲಕ್ಷ ಭಾಗಕ್ಕೆ 2 ಭಾಗ ಎಂಬ ಮಿತಿ ಇದೆ. ಅಗ್ಗದ ಉಪಾಯ, ನಮ್ಮ ಗಾರೆಯವರ ಕೈಗಳಿಗೂ ಅನ್ವಯಿಸುವಂಥದ್ದು.

ಬೆಳೆಗಾರರು ಆ ವರ್ಷ ರಬ್ಬರಿಲ್ಲದ ಪಿವಿಸಿ ಗಂಬೂಟು ಕೊಂಡರು, ಪಾತ್ರೆ ತೊಳೆಯುವ ರಬ್ಬರ್ ಕೈಗವಸನ್ನೂ ಹವಾಯಿ ಚಪ್ಪಲಿಯನ್ನೂ ಬಿಟ್ಟರು. ಆಗಸ್ಟ್‌ವರೆಗೆ ಕಾಲು ನುಣುಪಾಗಿಯೇ ಇತ್ತು. ಒಂದು ದಿನ ಹೊಳೆ ಏರಿ ತೋಟದ ಕಾದಿಗೆ, ಅಂದರೆ ಬಸಿಗಾಲುವೆ, ಕಟ್ಟಿಕೊಂಡಾಗ ಅವಸರದಲ್ಲಿ ಮಗನ ಹಳೆಯ ಬೂಟು ಮೆಟ್ಟಿಕೊಂಡು ಹೋಗಿ ಒಂದು ಗಂಟೆ ಕೆಲಸ ಮಾಡಿ ಬಂದರು. ‘ಅವತ್ತು ಏನೂ ಆಗಲಿಲ್ಲ ಮಾರಾಯ್ರೆ, ಮಾರನೇ ದಿನವೂ ಇಲ್ಲ’ ಎಂದು ಫೋನಿನಲ್ಲಿ ಹೇಳಿದರು. ಗೆರೆ ಎದ್ದದ್ದು ಮೂರನೆಯ ದಿನ ಬೆಳಿಗ್ಗೆ.