ಸಂಡೂರಿನ ಅದಿರು ಬೆಟ್ಟದ ನೆತ್ತಿಯಲ್ಲೇ ಏಕಿದೆ?

ಬಳ್ಳಾರಿ ಜಿಲ್ಲೆಯ ಸಂಡೂರಿನಲ್ಲಿ ಗಣಿ ಗಲಾಟೆ ಎದ್ದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ. ಅಗೆಯಲೇಬೇಕು ಅಂದರೆ ಬಯಲಲ್ಲಿ ಅಗೆಯಲಿ, ಕಾಡಿರುವ ಬೆಟ್ಟವೇ ಏಕೆ ಬೇಕು? ನ್ಯಾಯವಾದ ಪ್ರಶ್ನೆ. ಉತ್ತರ ಸಿಗಬೇಕಾದರೆ ಅಲ್ಲಿನ ಕಬ್ಬಿಣದ ಅದಿರು, ಅಂದರೆ ಹೆಮಟೈಟ್ ಎಂಬ ಖನಿಜ, ಹುಟ್ಟಿದ ಬಗೆ ಗೊತ್ತಿರಬೇಕು.

ಹೆಮಟೈಟ್‌ನಲ್ಲಿ ಇರುವುದು ಕಬ್ಬಿಣ ಮತ್ತು ಆಮ್ಲಜನಕ, ಅಷ್ಟೇ. ಶುದ್ಧವಾಗಿದ್ದರೆ ತೂಕದಲ್ಲಿ ಸುಮಾರು ಶೇ 70ರಷ್ಟು ಕಬ್ಬಿಣವೇ. ನೀರಿಗಿಂತ ಐದು ಪಟ್ಟು ಭಾರ. ಕೆಲವು ತುಂಡುಗಳು ಉಕ್ಕಿನಂತೆ ಬೂದಾಗಿ ಹೊಳೆಯುತ್ತವೆ, ಕೆಲವು ಬರೀ ಕೆಮ್ಮಣ್ಣಿನ ಹಾಗೆ ಕಾಣುತ್ತವೆ. ಎಂಥದ್ದೇ ಆಗಲಿ, ಹೊಳಪಿಲ್ಲದ ಬಿಳಿ ಟೈಲ್ಸ್ ಮೇಲೆ ಉಜ್ಜಿದರೆ ಮೂಡುವುದು ಕೆಂಪು ಗೆರೆ. ಕುದುರೆಮುಖದಲ್ಲಿ ಸಿಗುವ ಇನ್ನೊಂದು ಬಗೆಯ ಕಬ್ಬಿಣದ ಅದಿರು ಮ್ಯಾಗ್ನಟೈಟ್ ಹಾಗಲ್ಲ. ಅದರ ಗೆರೆ ಕಪ್ಪು, ಆಯಸ್ಕಾಂತ ಹಿಡಿದರೆ ಗಟ್ಟಿಯಾಗಿ ಅಂಟುತ್ತದೆ. ನಮ್ಮ ಹಳೆ ಮನೆಗಳ ರೆಡ್ ಆಕ್ಸೈಡ್ ನೆಲಕ್ಕೆ ಕೆಂಪು ಕೊಡುವುದೂ ಇದೇ ಕಬ್ಬಿಣದ ಆಕ್ಸೈಡ್.

ಸಂಡೂರಿನ ಕಬ್ಬಿಣ ಒಂದು ಕಾಲದಲ್ಲಿ ಸಮುದ್ರದಲ್ಲಿತ್ತು. ಸುಮಾರು 270 ಕೋಟಿ ವರ್ಷಗಳ ಹಿಂದಿನ ಮಾತು. ಆಗ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅಂದರೂ ಸರಿಯೇ. ಕಡಲ ತಳದ ಬಿಸಿ ಬುಗ್ಗೆಗಳಿಂದ ಬಂದ ಕಬ್ಬಿಣ ನೀರಲ್ಲಿ ಉಪ್ಪಿನ ಹಾಗೆ ಕರಗಿಕೊಂಡಿತ್ತು. ಬಿಸಿಲಿನಿಂದ ಬದುಕುವ ಸೂಕ್ಷ್ಮಜೀವಿಗಳು ಹುಟ್ಟಿಕೊಂಡ ಮೇಲೆ ಆ ಕಬ್ಬಿಣ ಅವು ಬಿಟ್ಟ ಆಮ್ಲಜನಕದ ಜತೆ ಸೇರಿ ತಳಕ್ಕೆ ಕೂರತೊಡಗಿತು ಎಂಬುದು ಹೆಚ್ಚಿನ ವಿಜ್ಞಾನಿಗಳು ಒಪ್ಪುವ ವಿವರಣೆ. ಕಬ್ಬಿಣದ ಒಂದು ಪದರ, ಸಿಲಿಕಾದ (ಮರಳಿನಲ್ಲಿರುವ ಖನಿಜ) ಒಂದು ಪದರ, ಮತ್ತೆ ಕಬ್ಬಿಣ. ಸಂಡೂರಿನ ಕಡೆ ರಸ್ತೆಗಾಗಿ ಕಡಿದ ಗುಡ್ಡಗಳಲ್ಲಿ ಈ ಪಟ್ಟೆಗಳು ಈಗಲೂ ಎದ್ದು ಕಾಣುತ್ತವೆ.

ಆದರೆ ಈ ಪಟ್ಟೆ ಕಲ್ಲಿನಲ್ಲಿ ಅರ್ಧಕ್ಕರ್ಧ ಸಿಲಿಕಾ. ಕುಲುಮೆಗೆ ನೇರವಾಗಿ ಹಾಕಲು ಬರುವುದಿಲ್ಲ. ಅದನ್ನು ಅದಿರು ಮಾಡಿದ್ದು ಮಳೆ. ನೆಲ ಮಡಿಕೆಬಿದ್ದು, ಮೇಲೆದ್ದು, ಸವೆದ ಮೇಲೆ, ಕೋಟ್ಯಂತರ ವರ್ಷ ಮಳೆನೀರು ಬಿರುಕುಗಳಲ್ಲಿ ಇಳಿದು ಸಿಲಿಕಾವನ್ನು ಮೆಲ್ಲಗೆ ಕರಗಿಸಿ ಒಯ್ದಿತು. ಕಬ್ಬಿಣ ಕದಲದೆ ಉಳಿಯಿತು. ಶೇ 60ಕ್ಕೂ ಜಾಸ್ತಿ ಕಬ್ಬಿಣವಿರುವ ಅದಿರು ಆದದ್ದು ಹೀಗೆ. ಮಳೆ ಇಳಿಯುವುದು ಮೇಲಿನಿಂದ, ಅಲ್ವಾ? ಹಾಗಾಗಿ ಒಳ್ಳೆ ಅದಿರು ಕೂಡ ಮೇಲೆಯೇ, ಬೆಟ್ಟದ ನೆತ್ತಿಯಲ್ಲಿ. ಜತೆಗೆ ಈ ಕಲ್ಲು ಗಟ್ಟಿ. ಸುತ್ತಲಿನ ಮೆತ್ತನೆ ಕಲ್ಲು ಸವೆದು ಕಣಿವೆಯಾದರೆ ಇದು ಸಾಲುಬೆಟ್ಟವಾಗಿ ನಿಂತಿತು. ಅದರ ಮೇಲೆ ಕಾಡು ಬೆಳೆಯಿತು. ಕಾಡು ಮತ್ತು ಅದಿರು ಒಂದೇ ಜಾಗದಲ್ಲಿರುವುದು ಆಕಸ್ಮಿಕವೇನಲ್ಲ.

ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಜಿಲ್ಲೆಯ ಶಿಲೆಗಳ ಬಗ್ಗೆ ಬರೆದ ವರದಿ 1895ರಲ್ಲೇ ಪ್ರಕಟವಾಯಿತು. ದೊಡ್ಡ ಗಣಿಗಾರಿಕೆ ಬಂದದ್ದು ತಡವಾಗಿ. ಸಂಡೂರು ಬಳಿಯ ದೋಣಿಮಲೈಯಲ್ಲಿ ಕೇಂದ್ರ ಸರ್ಕಾರದ ಗಣಿ ಕಂಪನಿಯಾದ ಎನ್‌ಎಂಡಿಸಿ 1977ರಲ್ಲಿ ಕೆಲಸ ಶುರು ಮಾಡಿತು. ಆಗೆಲ್ಲ ಗಟ್ಟಿ ತುಂಡುಗಳಿಗೇ ಬೆಲೆ, ಪುಡಿ ಅದಿರು ರಾಶಿ ಬಿದ್ದಿರುತ್ತಿತ್ತು. 2000ದ ನಂತರ ಚೀನಾದ ಉಕ್ಕಿನ ಕಾರ್ಖಾನೆಗಳು ಆ ಪುಡಿಯನ್ನೂ ಕೊಳ್ಳಲು ನಿಂತವು. ಬೇಡವಾಗಿದ್ದ ರಾಶಿ ದುಡ್ಡಾಯಿತು. ಹಗಲುರಾತ್ರಿ ಲಾರಿಗಳು, ಕೆಂಪಾದ ಹೊಲಗಳು, ಗಡಿ ಮೀರಿದ ಗುತ್ತಿಗೆಗಳು. 2010ರಲ್ಲಿ ಉತ್ತರ ಕನ್ನಡದ ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಅದಿರೇ ಮಾಯವಾಯಿತು! 2011ರ ಜುಲೈನಲ್ಲಿ ಲೋಕಾಯುಕ್ತ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರಲ್ಲಿ ಅತಿಯಾಗಿ ನಿಯಮ ಮುರಿದ 'ಸಿ' ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವರಿಗೆ ಮಿತಿ ಬಿತ್ತು: ಬಳ್ಳಾರಿಗೆ ವರ್ಷಕ್ಕೆ 2.5 ಕೋಟಿ ಟನ್. 2022ರ ಹೊತ್ತಿಗೆ ಅದು 3.5 ಕೋಟಿ ಟನ್‌ಗೆ ಏರಿದೆ.

ಮಿತಿ ಏರಿದಷ್ಟು ಸಲೀಸಾಗಿ ಅದಿರು ಬೆಳೆಯುವುದಿಲ್ಲ. ಮಳೆ ತೊಳೆದುಕೊಟ್ಟ ಪದರ ಮುಗಿದರೆ ಕೆಳಗಿರುವುದು ಮತ್ತೆ ಅದೇ ಪಟ್ಟೆ ಕಲ್ಲು. ಅದನ್ನು ಪುಡಿಮಾಡಿ, ಸಿಲಿಕಾ ಬೇರ್ಪಡಿಸಬೇಕು. ವಿದ್ಯುತ್ ಬೇಕು, ನೀರು ಬೇಕು, ಉಳಿದ ಕೆಸರಿಗೆ ಜಾಗವೂ ಬೇಕು. ಆದ್ದರಿಂದಲೇ ಇನ್ನೂ ಮುಟ್ಟದ ನೆತ್ತಿಗಳ ಮೇಲೆ ಎಲ್ಲರ ಕಣ್ಣು.

ಸಂಡೂರಿನ ದೇವದಾರಿ ಬೆಟ್ಟ ಅಂಥದ್ದೊಂದು. ಅದನ್ನು ಕೊಡಲಾಗಿರುವುದು ಕುದುರೆಮುಖ ಕಬ್ಬಿಣದ ಅದಿರು ಕಂಪನಿಗೆ. ಪಶ್ಚಿಮಘಟ್ಟದ ಕಾಡಿನ ನಡುವೆ ಮ್ಯಾಗ್ನಟೈಟ್ ತೆಗೆಯುತ್ತಿದ್ದ ಈ ಕಂಪನಿ, ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿ ಮುಚ್ಚಬೇಕಾಯಿತು. 2024ರಲ್ಲಿ ರಾಜ್ಯದ ಅರಣ್ಯ ಸಚಿವರು ದೇವದಾರಿಯ ಅರಣ್ಯ ಭೂಮಿಯನ್ನು ಸದ್ಯಕ್ಕೆ ಹಸ್ತಾಂತರಿಸಬೇಡಿ ಎಂದು ಅಧಿಕಾರಿಗಳಿಗೆ ಸೂಚಿಸಿದರು. ಅವರು ಕೊಟ್ಟ ಕಾರಣ: ಕುದುರೆಮುಖದಲ್ಲಿ ಆದ ಹಾನಿಯ ಬಾಕಿಯನ್ನು ಕಂಪನಿ ಮೊದಲು ತೀರಿಸಲಿ.